ಊಟಕ್ಕೆ ಮುಂಚೆ ದೊಡ್ಡಪ್ಪ

ಯಾವ ಸಭೆಗೆ ಬೇಕಾದರೂ ಹೋಗಿ ನೋಡಿ. ಸಿಎಸ್‌ಐ ಇರಲಿ, ಮೆಥೊಡಿಸ್ಟ್ ಇರಲಿ, ಮೊನ್ನೆ ಮೊನ್ನೆ ಬಾಡಿಗೆ ಮಹಡಿಯಲ್ಲಿ ಶುರುವಾದ ಪೆಂತೆಕೋಸ್ತ್ ಇರಲಿ, ಅಲ್ಲೊಬ್ಬ ದೊಡ್ಡಪ್ಪ ಇದ್ದೇ ಇರುತ್ತಾರೆ. ಅವರು ಸಭಾಪಾಲಕರಲ್ಲ, ಖಜಾಂಚಿಯಲ್ಲ, ಯಾವ ಸಮಿತಿಗೂ ಗೆದ್ದು ಬಂದವರಲ್ಲ. ಆದರೂ ಬೇಸಿಗೆ ಶಿಬಿರದ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಸಾರಿಗೆ ಉಪ್ಪು ಸಾಕೇ, ಗಿಟಾರ್ ಬಾರಿಸುವ ಹುಡುಗನ ಕೂದಲು ಎಲ್ಲಿಯವರೆಗೆ ಇಳಿಯಬಹುದು, ಎಲ್ಲದರಲ್ಲೂ ಕೊನೆಯ ಮಾತು ಅವರದೇ. ಇಂಥವರಿಗೆ ತಪ್ಪದೆ ದೊಡ್ಡ ಸಂಸಾರ ಇರುತ್ತದೆ. ಆ ಸಂಸಾರ ಶಿಬಿರಕ್ಕೆ ಬಂದಿಳಿಯಿತೆಂದರೆ ಉಳಿದವರೆಲ್ಲ ಅವರ ಮನೆಗೆ ಬಂದ ನೆಂಟರು.

ಈ ಜಾತಿಯ ದೊಡ್ಡಪ್ಪಂದಿರ ಬಗ್ಗೆ ಸಾಮಾನ್ಯವಾಗಿ ಬರೆಯೋಣವೆಂದು ಕೂತವನು ನಾನು. ಕಣ್ಣೆದುರು ಬಂದು ನಿಲ್ಲುವವರು ಮಾತ್ರ ಒಬ್ಬರೇ, ನನ್ನ ಹೆಂಡತಿಯ ದೊಡ್ಡಪ್ಪ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗಿ ಕೂಗಿ ನಿವೃತ್ತರಾದವರು. ಏಷ್ಯಾಕ್ಕೇ ದೊಡ್ಡದೆಂದು ಹೆಸರಾದ ಆ ಮಾರುಕಟ್ಟೆಯಲ್ಲಿ ಆಗೆಲ್ಲ ಬಾಯಿ ಹರಾಜು. ಮುಂದೆ ರೈತರ ಲಾಟು, ಸುತ್ತ ರೀಲರುಗಳ ಗದ್ದಲ, ಎಲ್ಲದರ ಮೇಲೆ ದೊಡ್ಡಪ್ಪನ ಗಂಟಲು. ಆಮೇಲೆ ಇ-ಹರಾಜು ಬಂತು, ರೀಲರುಗಳು ಮೊಬೈಲ್ ಒತ್ತಿ ಗೂಡು ಹಿಡಿಯತೊಡಗಿದರು. ಆ ಗಂಟಲಿಗೆ ಉಳಿದದ್ದು ಪ್ರಾರ್ಥನೆಯೊಂದೇ. ದೇವರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ ಎಂದು ಸಭಾಪಾಲಕರಾದ ಅಯ್ಯನವರು ಒಮ್ಮೆ ನಯವಾಗಿ ಹೇಳಿ ನೋಡಿದರು. "ದೇವರಿಗೆ ಕೇಳಿಸುತ್ತೆ ಸರಿ, ಹಿಂದಿನ ಸಾಲಿನವರಿಗೆ?" ಎಂದುಬಿಟ್ಟರು ದೊಡ್ಡಪ್ಪ.

ಶಿಬಿರ ನಡೆಯುವುದು ಮಾಗಡಿ ತಾಲೂಕಿನಲ್ಲಿ, ಸಾವನದುರ್ಗ ಕಿಟಕಿ ತುಂಬ ಕಾಣಿಸುವ ಒಂದು ಕಡೆ. ಜಾಗದ ಹೆಸರು ಬೇಡ, ಅಲ್ಲಿನ ಹಾಸಿಗೆಗಳ ಮೇಲೆ ನನ್ನ ಬೆನ್ನಿಗೆ ಇನ್ನೂ ದೂರುಗಳಿವೆ. ಬೆಂಗಳೂರಿನವರು ಮಾಗಡಿ ರಸ್ತೆ ಹಿಡಿದರೆ ನೇರ ದಾರಿ. ದೊಡ್ಡಪ್ಪನ ಟೆಂಪೊ ಟ್ರಾವೆಲರ್ ನೇರ ದಾರಿಯನ್ನು ನಂಬುವುದಿಲ್ಲ. ಬೆಂಗಳೂರಿನ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳನ್ನೆಲ್ಲ ತುಂಬಿಕೊಂಡು ಅದು ಮೊದಲು ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಬೇಕು. ರಾಮನಗರದ ಮನೆಯಲ್ಲಿ ಮಾವಿನಹಣ್ಣಿನ ಪೆಟ್ಟಿಗೆ, ಉಪ್ಪಿನಕಾಯಿ ಜಾಡಿ, ಹಾರ್ಮೋನಿಯಂ ಏರಬೇಕು. ಅಲ್ಲಿಂದ ಮಾಗಡಿ ಕಡೆ ತಿರುಗುವುದು ಬಿಟ್ಟು ಚನ್ನಪಟ್ಟಣಕ್ಕೆ ಹೋಗಿ ಗೊಂಬೆ ಕೊಳ್ಳಬೇಕು. ಆಮೇಲೆ ಬಂದ ದಾರಿಯಲ್ಲೇ ವಾಪಸು. ಇಸ್ರಾಯೇಲರು ನಲವತ್ತು ವರ್ಷ ಅರಣ್ಯದಲ್ಲಿ ಯಾಕೆ ಸುತ್ತಿದರು ಎಂಬುದು ನನಗೆ ಹೊಳೆದದ್ದು ಈ ಪ್ರಯಾಣಗಳಲ್ಲಿ. ಮೋಶೆಗೂ ದಾರಿಯುದ್ದಕ್ಕೂ ಪರಿಚಯದ ಅಂಗಡಿಗಳಿದ್ದಿರಬೇಕು.

ಗೊಂಬೆಗಳು ಮಕ್ಕಳ ಕಂಠಪಾಠದ ಬಹುಮಾನಕ್ಕೆ. ಪ್ಲಾಸ್ಟಿಕ್ ಪೆನ್ಸಿಲ್ ಡಬ್ಬಿ ಕೊಟ್ಟು ಕೈತೊಳೆದುಕೊಳ್ಳುವ ಶಿಬಿರಗಳನ್ನು ದೊಡ್ಡಪ್ಪ ಕ್ರೈಸ್ತ ಶಿಬಿರಗಳೆಂದೇ ಒಪ್ಪುವುದಿಲ್ಲ. ಆಲೆಮರವೇ ಆಗಿರಬೇಕು, ಬಣ್ಣ ಅರಗಿನದೇ ಆಗಿರಬೇಕು. ಒಂದೊಂದು ಬುಗುರಿಯನ್ನೂ ಅಂಗಡಿಯ ಗಾಜಿನ ಮೇಲೆ ತಿರುಗಿಸಿ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುತ್ತಾರೆ. ಟ್ರಾವೆಲರಿನ ಡ್ರೈವರು ಹೊರಗೆ ಹಾರ್ನ್ ಹೊಡೆಯುತ್ತಿರುತ್ತಾನೆ. ಕಡೆಗೆ ಎಲ್ಲ ಮಕ್ಕಳಿಗೂ ಬಹುಮಾನ ಬರುವಷ್ಟು ಬುಗುರಿ ಕೊಳ್ಳುತ್ತಾರೆ, ಒಂದು ವಚನವನ್ನೂ ಕಲಿಯದವನಿಗೆ ಸಹ. "ಕಲಿಯೋಕೆ ಕೂತಿದ್ನಲ್ಲ, ಸಾಕು" ಎಂಬುದು ಅವರ ವಾದ. ಇದನ್ನು ನಾನು ಹೇಳಲೇಬೇಕು, ಏಕೆಂದರೆ ಮುಂದೆ ಹೇಳುವುದೆಲ್ಲ ಇಷ್ಟು ಸಿಹಿಯಾಗಿಲ್ಲ.

ಶಿಬಿರದ ಮಿಕ್ಕ ಸಂಗತಿಗಳನ್ನು ಬೇಗ ಮುಗಿಸುತ್ತೇನೆ. ಬೆಳಗಿನ ಮೌನಧ್ಯಾನದಲ್ಲಿ ಎಲ್ಲರೂ ಮೌನವಾಗಿದ್ದಾರೆಯೇ ಎಂದು ದೊಡ್ಡಪ್ಪ ಒಬ್ಬೊಬ್ಬರನ್ನೇ ಕೇಳಿಕೊಂಡು ಬರುತ್ತಾರೆ. ಬೈಬಲ್ ಕ್ವಿಜ್‌ನಲ್ಲಿ ಅವರ ಸಂಸಾರವೇ ಮೂರು ತಂಡ, ತೀರ್ಪುಗಾರರು ಅವರ ತಂಗಿ. ಶಿಬಿರಾಗ್ನಿಯ ರಾತ್ರಿ ಅವರದೊಂದು ಖಾಯಂ ಸಂದೇಶ ಉಂಟು, 'ಶೋಲೆ' ಮೇಲೆ. ರಾಮದೇವರಬೆಟ್ಟದಲ್ಲಿ ಆ ಚಿತ್ರ ತೆಗೆಯುವಾಗ ತಾವು ಬಂಡೆಯ ಮೇಲೆ ಕೂತು ನೋಡಿದ್ದರಿಂದ ಶುರುವಾಗಿ, ಅಮಿತಾಭ್ ಬಚ್ಚನ್‌ನ ಎರಡೂ ಕಡೆ ಒಂದೇ ಮುದ್ರೆಯಿದ್ದ ನಾಣ್ಯಕ್ಕೆ ಬಂದು, ದೇವರ ಕೃಪೆಯೂ ಹಾಗೇ, ಹೇಗೆ ಬಿದ್ದರೂ ನಮ್ಮ ಕಡೆಗೇ ಎಂದು ಮುಗಿಯುತ್ತದೆ. ನಾಣ್ಯದ ಮಾತು ನನಗೆ ನಿಜಕ್ಕೂ ಇಷ್ಟ. ಅದಕ್ಕೆ ಮುಂಚಿನ ಮುಕ್ಕಾಲು ಗಂಟೆಯ ಬಂಡೆಯ ಭಾಗವನ್ನು ಕತ್ತರಿಸಿದರೆ ಒಳ್ಳೆಯ ಪ್ರಸಂಗವಾದೀತು.

ಒಂದು ಸಲ ನಾನೂ ನನ್ನ ಓದನ್ನು ಪ್ರದರ್ಶಿಸಹೋದೆ. ರಜೆಯ ಬೈಬಲ್ ಶಾಲೆ, ನಮ್ಮ ಮಕ್ಕಳು ವಿಬಿಎಸ್ ಎನ್ನುವುದು, ಶುರುವಾದದ್ದೇ ವಿಚಿತ್ರ. 1898ರಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ರಜೆಯಲ್ಲಿ ಅಲೆಯುತ್ತಿದ್ದ ಮಕ್ಕಳನ್ನು ಸೇರಿಸಲು ಡಾಕ್ಟರೊಬ್ಬರ ಹೆಂಡತಿ ಎಲೈಜಾ ಹಾಜ್ ಎಂಬಾಕೆ ಒಂದು ಬಿಯರ್ ಅಂಗಡಿಯ ಹಜಾರವನ್ನು ಬಾಡಿಗೆಗೆ ಹಿಡಿದಳು. ಹಗಲು ಹೊತ್ತು ಅಲ್ಲಿ ಕುಡಿಯುವವರಿರಲಿಲ್ಲ, ಜಾಗ ಖಾಲಿ. ಇದನ್ನು ಕೇಳಿ ದೊಡ್ಡಪ್ಪ ಏನೂ ಹೇಳಲಿಲ್ಲ. ನೇರವಾಗಿ ಯಾರಿಗೂ ಏನನ್ನೂ ಹೇಳದಿರುವುದು ಅವರ ಪದ್ಧತಿ. ಆ ರಾತ್ರಿಯ ಪ್ರಾರ್ಥನೆಯಲ್ಲಿ, "ಅತಿಯಾಗಿ ಓದುವವರ ಕಣ್ಣುಗಳನ್ನು ಕಾಪಾಡು ಕರ್ತನೇ, ಅವರ ನಾಲಿಗೆಯನ್ನೂ" ಎಂದರು.

ಅಂತೂ ಮುಖ್ಯ ವಿಷಯಕ್ಕೆ ಬಂದೆ.

ಬುಧವಾರ ಶಿಬಿರದಲ್ಲಿ ಬಿರಿಯಾನಿ. ಭಾನುವಾರ ಸಂಜೆಯಿಂದ ಅನ್ನ ಸಾರು ಹುರುಳಿಕಾಯಿ ಪಲ್ಯ ತಿಂದವರಿಗೆ ಬುಧವಾರವೆಂದರೆ ವಾಗ್ದಾನದ ದಿನ. ಹಂಡೆಯ ಬಾಯಿ ತೆಗೆದಿದ್ದಾರೆ, ಎಲೆಗೆ ಬಡಿಸಿಯೂ ಆಗಿದೆ, ಪಕ್ಕದಲ್ಲಿ ಹಪ್ಪಳ. ಅಯ್ಯನವರಿಗೆ ಆ ದಿನ ಏನಾಗಿತ್ತೋ, "ದೊಡ್ಡಪ್ಪನವರು ಊಟಕ್ಕೆ ಒಂದು ಚಿಕ್ಕ ಪ್ರಾರ್ಥನೆ ಮಾಡಲಿ" ಎಂದುಬಿಟ್ಟರು. 'ಚಿಕ್ಕ' ಎಂಬುದನ್ನು ಒತ್ತಿ ಹೇಳಿದ್ದರು, ಪಾಪ.

ದೊಡ್ಡಪ್ಪ ಭೂಮ್ಯಾಕಾಶಗಳ ಸೃಷ್ಟಿಯಿಂದ ಹೊರಟರು. ನೋಹನ ಜಲಪ್ರಳಯವನ್ನು ದಾಟಿ ಮಂಚನಬೆಲೆ ಜಲಾಶಯದ ನೀರಿನ ಮಟ್ಟಕ್ಕೆ ಬಂದರು. ಆಮೇಲೆ ವಿಳಾಸ. "ಈ ಹೊತ್ತು ನಾವು ಕೂಡಿರುವುದು ಮಾಗಡಿ ತಾಲೂಕು, ರಾಮನಗರ ಜಿಲ್ಲೆ, ಅಂದರೆ 2025ರಲ್ಲಿ ಸರ್ಕಾರದವರು ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿದ ಜಿಲ್ಲೆ, ನಿನಗೆ ತಿಳಿಯದ್ದೇನಲ್ಲ ತಂದೆಯೇ." ಟಿಪ್ಪುವಿನ ಕಾಲದಲ್ಲಿ ಶಂಶೇರಾಬಾದ್ ಆಗಿ, ಕಂಪನಿಯ ಬ್ಯಾರಿ ಕ್ಲೋಸ್ ಸಾಹೇಬನಿಂದ ಕ್ಲೋಸ್‌ಪೇಟೆಯಾಗಿ, ಕಡೆಗೆ ರಾಮನಗರವಾಗಿ ನಿಂತ ಊರು ಅದು. ಹಳೆಯ ಹೆಸರುಗಳನ್ನೂ ಒಂದೊಂದಾಗಿ ಹೇಳಿದರು, ಆಶೀರ್ವಾದ ಎಲ್ಲಾದರೂ ಬೇರೆ ಜಿಲ್ಲೆಗೆ ಬಟವಾಡೆಯಾದೀತೆಂಬ ಭಯಕ್ಕೆ.

ಇಲ್ಲಿಯವರೆಗಿನದು ಪೀಠಿಕೆ. ಇನ್ನು ಹಾಜರಿ. ವಯಸ್ಸಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ಎತ್ತಿ ದೇವರ ಮುಂದೆ ಇಡುತ್ತಾರೆ, ಕಾಯಿಲೆ ಸಮೇತ, ಕಸುಬು ಸಮೇತ. ಅತ್ತೆಯ ಮಂಡಿ. ಭಾವನ ಮೂಲವ್ಯಾಧಿ, ಅದನ್ನು ಭಾವ ಅಲ್ಲಿಯವರೆಗೆ ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. "ಬಂದ ಹುಡುಗಿಯರನ್ನೆಲ್ಲ ಬೇಡವೆನ್ನುತ್ತಿರುವ ನಿನ್ನ ದಾಸನ ಹೃದಯವನ್ನು ಮೃದುಮಾಡು." ಮೂರನೇ ಸಾಲಿನಲ್ಲಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಕೆಮ್ಮಿದ. "ಫೋನನ್ನು ದಿಂಬಿನ ಕೆಳಗಿಟ್ಟು ಮಲಗುವ ನಿನ್ನ ದಾಸಿಯನ್ನು…" ಇನ್ನೊಂದು ಕೆಮ್ಮು. ಈ ಬೈಗುಳಕ್ಕೆ ಉತ್ತರವಿಲ್ಲ. ಎದುರಿಗೆ ನಿಂತು ಬೈದರೆ ಬಾಯಿ ಕೊಡಬಹುದು. ದೇವರಿಗೆ ಹೇಳುತ್ತಿದ್ದಾರೆ, ನಾವು ಕಣ್ಣು ಮುಚ್ಚಿ ಕೈಮುಗಿದಿದ್ದೇವೆ, ನಡುವೆ ಬಾಯಿ ಹಾಕುವುದು ಹೇಗೆ?

ನನ್ನ ಸರದಿಯೂ ಬಂತು. "ಈ ನಮ್ಮ ಅಳಿಯ ಪತ್ರಿಕೆಗಳಿಗೆ ಬರೆಯುತ್ತಾನೆ ಪ್ರಭುವೇ. ನಾಲ್ಕು ಜನಕ್ಕೆ ಉಪಯೋಗವಾಗುವಂಥದ್ದನ್ನು ಬರೆಯುವ ಬುದ್ಧಿಯನ್ನು ಅವನಿಗೆ ದಯಪಾಲಿಸು. ಸಕ್ಕರೆ ಕಾಯಿಲೆಯವನೆಂಬುದನ್ನು ಸಿಹಿ ಬಡಿಸುವಾಗ ಅವನ ನೆನಪಿಗೆ ತಾ." ಸಭೆಯೆಲ್ಲ ಆಮೆನ್ ಎಂದಿತು. ಹೆಂಗಸರ ಕಡೆಯಿಂದ ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಸಿದ ಆಮೆನ್ ಯಾರದೆಂದು ಮದುವೆಯಾದ ಗಂಡಸಿಗೆ ಹೇಳಿಕೊಡಬೇಕಿಲ್ಲ.

ಅಷ್ಟರಲ್ಲಿ ಮಕ್ಕಳ ಸಾಲಿನಿಂದ ಚಟಕ್ ಎಂದು ಸದ್ದು. ಹಪ್ಪಳವನ್ನು ಸದ್ದಿಲ್ಲದೆ ತಿನ್ನುವ ವಿದ್ಯೆ ದೊಡ್ಡಪ್ಪನ ಮೊಮ್ಮಕ್ಕಳಿಗೆ ಹುಟ್ಟಿನಿಂದಲೇ ಬಂದಿದೆ: ತುಂಡನ್ನು ನಾಲಿಗೆಯ ಮೇಲಿಟ್ಟು ಮೆತ್ತಗಾಗಲು ಬಿಡಬೇಕು, ಕಚ್ಚಕೂಡದು. ಕಚ್ಚಿದವನು ಹೊರಗಿನ ಹುಡುಗ, ಅಭ್ಯಾಸವಿಲ್ಲದವನು.

ಈ ಕಷ್ಟವೆಲ್ಲ ಬಾಯಿಗೆ ಬಂದಂತೆ ಪ್ರಾರ್ಥಿಸುವ ನಮ್ಮ ಪ್ರೊಟೆಸ್ಟಂಟರಿಗೆ ಮಾತ್ರ. ದೊಡ್ಡಮ್ಮನಿಗೆ ಇದು ತಾಗುವುದಿಲ್ಲ. ಅವರು ಕನಕಪುರ ತಾಲೂಕಿನ ಹಾರೋಬೆಲೆಯವರು. ಅರ್ಕಾವತಿಯ ದಂಡೆಯ ಆ ಊರಲ್ಲಿ ಹೆಚ್ಚಿನವರು ಕಥೋಲಿಕರು. ಶುಭ ಶುಕ್ರವಾರದ ಹೊತ್ತಿಗೆ ಯೇಸುವಿನ ಪಾಡುಗಳ ನಾಟಕವನ್ನು ಊರವರೇ ಆಡುತ್ತಾರೆ. ದೊಡ್ಡಮ್ಮನ ಊಟದ ಪ್ರಾರ್ಥನೆ ಮೊದಲೇ ಬರೆದಿಟ್ಟದ್ದು. ಶಿಲುಬೆ ಗುರುತು ಹಾಕಿಕೊಂಡು ನಾಲ್ಕು ಮಾತು ಹೇಳಿ, ಮತ್ತೆ ಶಿಲುಬೆ ಗುರುತು ಹಾಕಿಕೊಂಡರೆ ಮುಗಿಯಿತು. ದೊಡ್ಡಪ್ಪ ನೋಹನ ನಾವೆಗೆ ಮೊಳೆ ಹೊಡೆಯುವ ಮುಂಚೆಯೇ ಅವರು ಕಣ್ಣು ಬಿಟ್ಟು ಕೂತಿರುತ್ತಾರೆ. 1947ರ ಸೆಪ್ಟೆಂಬರಿನಲ್ಲಿ ಆಂಗ್ಲಿಕನರು, ಮೆಥೊಡಿಸ್ಟರು, ಪ್ರೆಸ್ಬಿಟೇರಿಯನರು, ಕಾಂಗ್ರಿಗೇಷನಲ್‌ನವರು ಎಲ್ಲ ಮದರಾಸಿನಲ್ಲಿ ಸೇರಿ ಸಿಎಸ್‌ಐ ಎಂಬ ಒಂದೇ ಸಭೆಯಾದರಂತೆ. ಈ ಮನೆಯಲ್ಲಿ ಆ ಮಾತುಕತೆ ಇನ್ನೂ ನಡೆದೇ ಇದೆ, ಅದೂ ಊಟದ ಹೊತ್ತಿನಲ್ಲೇ.

ದೊಡ್ಡಪ್ಪನನ್ನು ನಿಲ್ಲಿಸಲು ಬಲ್ಲವರೂ ದೊಡ್ಡಮ್ಮ ಒಬ್ಬರೇ. ದೊಡ್ಡಪ್ಪ ಉಸಿರು ತೆಗೆದುಕೊಳ್ಳುವ ಜಾಗವನ್ನು ಕಾದಿದ್ದು, "ಆಮೆನ್" ಎಂದು ಬಾಗಿಲು ಹಾಕಿದ ಹಾಗೆ ಹೇಳುತ್ತಾರೆ. ಎಲ್ಲರೂ ಆಮೆನ್ ಎನ್ನುತ್ತಾರೆ. ದೊಡ್ಡಪ್ಪನೂ ಎನ್ನಬೇಕಾಗುತ್ತದೆ. ದೊಡ್ಡಮ್ಮ ಮನಸ್ಸು ಮಾಡಿದರೆ ನಾವೆಲ್ಲ ದಿನವೂ ಬಿಸಿ ಅನ್ನ ಉಣ್ಣಬಹುದಿತ್ತು. ಆ ಬುಧವಾರವೂ ನಾನು ದೊಡ್ಡಮ್ಮನ ಮುಖವನ್ನು ಅರೆಗಣ್ಣಿನಲ್ಲಿ ನೋಡುತ್ತಾ ಕೂತಿದ್ದೆ. ಬಿರಿಯಾನಿಯ ಹಬೆ ನಿಂತುಹೋಗಿತ್ತು. ಉಸಿರು ಬಂತು, ಹೋಯಿತು, ದೊಡ್ಡಮ್ಮ ಸುಮ್ಮನಿದ್ದರು. ಇನ್ನೊಂದು ಉಸಿರು ಬಂತು, ಆಗಲೂ ಸುಮ್ಮನಿದ್ದರು.

ಹಾಜರಿ ಇನ್ನೂ ಮುಗಿದಿರಲಿಲ್ಲ, ಅದಕ್ಕೆ.

ದೊಡ್ಡಪ್ಪನ ಹಿರಿಯ ಮಗ ಆಸ್ಟ್ರೇಲಿಯಾದಲ್ಲಿದ್ದಾನೆ. ಅಪ್ಪ ಮಗನಿಗೆ ಮಾತಿಲ್ಲ. ಬೆಂಗಳೂರು–ಮೈಸೂರು ದಶಪಥ ಬಂದ ಮೇಲೆ ರಸ್ತೆಗೆ ಹತ್ತಿರವಿದ್ದ ದೊಡ್ಡಪ್ಪನ ಬಾದಾಮಿ ಮಾವಿನ ತೋಪಿಗೆ ಯಾರೋ ಕೇಳಿದರೆ ತಲೆತಿರುಗುವಂಥ ಬೆಲೆ ಹೇಳಿದರು. ಮಾರೋಣ ಎಂದ ಮಗ. ನಾನು ಸತ್ತ ಮೇಲೆ ಮಾರಿಕೋ ಎಂದರು ಅಪ್ಪ. ಫೋನು ಇಟ್ಟವರು ಮತ್ತೆ ಎತ್ತಿಲ್ಲ, ಎರಡೂ ಕಡೆ. ಪ್ರಾರ್ಥನೆಯಲ್ಲಿ ಅವನ ಹೆಸರು ಬರುವುದಿಲ್ಲ. ಎಲ್ಲರ ಹೆಸರೂ ಮುಗಿದ ಮೇಲೆ ಗಂಟಲು ಇಳಿಯುತ್ತದೆ, ಹಿಂದಿನ ಸಾಲಿಗೆ ಕೇಳಿಸದಷ್ಟು. "ದೂರದಲ್ಲಿರುವವನು ಹೊತ್ತಿಗೆ ಸರಿಯಾಗಿ ಉಣ್ಣಲಿ." ಅಷ್ಟೇ. ಕಾಯಿಲೆ ಇಲ್ಲ, ಬೈಗುಳ ಇಲ್ಲ, ವಿಳಾಸವೂ ಇಲ್ಲ. ಆಗ ಮೊಮ್ಮಕ್ಕಳೂ ಹಪ್ಪಳವನ್ನು ಎಲೆಗೆ ಇಳಿಸಿರುತ್ತಾರೆ. ದೊಡ್ಡಮ್ಮ ಆಮೆನ್ ಎನ್ನುವುದು ಇದಾದ ಮೇಲೆ.

ಮನೆಯವರ ಮುಖ ನೋಡಿ ಆಡಲಾಗದ್ದನ್ನು ಇನ್ನೊಬ್ಬರಿಗೆ ಹೇಳುವ ನೆವದಲ್ಲಿ ಆಡಿ ಮುಗಿಸುವ ಗಂಡಸರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕೆಲವರು ಹೆಂಡತಿಯ ಮೂಲಕ ಹೇಳಿಸುತ್ತಾರೆ, ಕೆಲವರು ಹಸುವಿನ ಮೈ ತಿಕ್ಕುತ್ತ ಹಸುವಿಗೆ ಹೇಳುತ್ತಾರೆ. ದೊಡ್ಡಪ್ಪ ದೇವರನ್ನು ಹಿಡಿದುಕೊಂಡಿದ್ದಾರೆ. ಮಗನಿಗೆ ಒಂದು ಫೋನ್ ಮಾಡುವುದಕ್ಕೆ ಇದಕ್ಕಿಂತ ಕಡಿಮೆ ಹೊತ್ತು ಸಾಕಲ್ಲ ಎಂದು ನಾನು ಹೆಂಡತಿಗೆ ಹೇಳಿದೆ. "ನೀವು ನಿಮ್ಮಣ್ಣನಿಗೆ ಯಾವತ್ತು ಮಾಡಿದ್ರಿ?" ಎಂದಳು. ಊಟದ ನಡುವೆ ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವ ಪದ್ಧತಿ ನನಗಿಲ್ಲ.

ಊಟದ ಕೊನೆಗೆ ಆ ತೋಪಿನ ಹಣ್ಣನ್ನೇ ಹೆಚ್ಚಿ ತಂದರು. ದೊಡ್ಡಪ್ಪ ತಾವೇ ತಟ್ಟೆ ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತಾ ಬಂದರು. ಈಗಷ್ಟೇ ನನ್ನ ಸಕ್ಕರೆಯನ್ನು ಪರಲೋಕದವರೆಗೆ ವರದಿ ಮಾಡಿದವರು ನನ್ನ ಎಲೆಯ ಹತ್ತಿರ ಬಂದಾಗ ಸುತ್ತ ನೋಡಿ, ದಪ್ಪನೆಯ ಎರಡು ಹೋಳು ಇಳಿಸಿ, ಏನೂ ಆಗದವರಂತೆ ಮುಂದೆ ಹೋದರು.

ಅದಾದ ಮೇಲೆ ಶಿಬಿರದ ಸಮಿತಿಯವರು ಕೂತು ಯೋಚಿಸಿ ಒಂದು ಉಪಾಯ ಮಾಡಿದ್ದಾರೆ. ಊಟಕ್ಕೆ ಮುಂಚೆ ಇನ್ನು ಯಾರೂ ಬಾಯಿಪ್ರಾರ್ಥನೆ ಮಾಡುವಂತಿಲ್ಲ. ಎಲ್ಲರೂ ಎದ್ದು ನಿಂತು ನಾಲ್ಕು ಸಾಲಿನ ಒಂದು ಹಾಡನ್ನು ಹಾಡಿ ಕೂರಬೇಕು. ಹಾಡಿಸುವ ಜವಾಬ್ದಾರಿಯನ್ನು, ಬೇಸರವಾಗಬಾರದೆಂದು, ದೊಡ್ಡಪ್ಪನಿಗೇ ಕೊಟ್ಟರು. ಅವರು ಸಂತೋಷದಿಂದ ಒಪ್ಪಿಕೊಂಡು ಹಾರ್ಮೋನಿಯಂ ತರಿಸಿದರು. ಮೊದಲ ದಿನ ಹಾಡು ಮುಗಿದು ಎಲ್ಲರೂ ಬೆಂಚಿನ ಮೇಲೆ ಅರ್ಧ ಕೂತಾಗ, "ಈ ಹಾಡಿನ ಮೊದಲನೇ ಸಾಲಿನ ಅರ್ಥ ಏನು ಅಂದರೆ" ಎಂದು ಶುರುಮಾಡಿದರು. ಅಡಿಗೆಯವನು ಈಗ ಊಟದ ಗಂಟೆಯನ್ನು ಅರ್ಧ ಗಂಟೆ ಮುಂಚೆ ಬಾರಿಸುತ್ತಾನೆ.