ಓದದ ಪುಸ್ತಕಗಳ ಗೃಹಾಡಳಿತ

ಓದಲೇಬೇಕೆಂಬ ದೃಢ ಸಂಕಲ್ಪದಿಂದ ಮನೆಗೆ ತಂದು, ಮೊದಲ ಪುಟದಲ್ಲಿ ಹೆಸರು, ಊರು, ತಾರೀಖು ಬರೆದು, ಮುನ್ನುಡಿಯ ಎರಡನೆಯ ಪುಟದಲ್ಲಿ ಬಸ್ಸಿನ ಟಿಕೆಟ್ಟೊಂದನ್ನು ಗುರುತಿಗಿಟ್ಟು, ಆಮೇಲೆ ಮುಟ್ಟದೆ ಬಿಟ್ಟ ಪುಸ್ತಕಗಳ ಸಮೂಹವನ್ನು ಈ ಪ್ರಬಂಧದಲ್ಲಿ ರಾಶಿ ಎಂದು ಕರೆಯಲಾಗಿದೆ. ಇದು ಗ್ರಂಥಾಲಯವಲ್ಲ. ಗ್ರಂಥಾಲಯದಲ್ಲಿ ಪುಸ್ತಕ ನಿಂತಿರುತ್ತದೆ, ರಾಶಿಯಲ್ಲಿ ಮಲಗಿರುತ್ತದೆ. ಬೇಕಾದ ಪುಸ್ತಕವಂತೂ ಸದಾ ತಳದಲ್ಲಿರುತ್ತದೆ. ರಾಶಿಯ ಒಡೆಯನನ್ನು ಸೋಮಾರಿ ಎನ್ನುವುದು ವಾಡಿಕೆಯಾದರೂ ಅದು ಶಾಸ್ತ್ರಕ್ಕೆ ಒಪ್ಪುವ ಮಾತಲ್ಲ, ಏಕೆಂದರೆ ನಿಜವಾದ ಸೋಮಾರಿ ಪುಸ್ತಕದಂಗಡಿಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಈ ನಾಡಿನ ಜನ ಕ್ರಮವಾಗಿ ಓದದೆಯೂ ಕಾವ್ಯದಲ್ಲಿ ನುರಿತವರೆಂದು ಹೊಗಳಿದೆ. ಆ ಹೊಗಳಿಕೆ ಸಲ್ಲಬೇಕಾದುದು ಓದಿನ ಅನುಕೂಲವಿಲ್ಲದೆಯೂ ಕಾವ್ಯ ಬಲ್ಲವರಿಗೆ, ಪುಸ್ತಕ ಕೊಂಡಿಟ್ಟು ಸುಮ್ಮನಿದ್ದವರಿಗಲ್ಲ. ಆದರೂ ರಾಶಿಯ ಒಡೆಯರು ಅದನ್ನು ತಮ್ಮ ಹೆಸರಿಗೇ ಬಂದ ಪ್ರಮಾಣಪತ್ರವೆಂದು ಭಾವಿಸಿರುವಂತೆ ಕಾಣುತ್ತದೆ.

ರಾಶಿಯ ಬೆಳವಣಿಗೆಯಲ್ಲಿ ಓದುವ ಆಸೆಗಿಂತ ಪಂಚಾಂಗದ ಪಾತ್ರ ದೊಡ್ಡದು. ನವೆಂಬರ್ ಬಂತೆಂದರೆ ಪ್ರಕಾಶಕರೂ ಸರ್ಕಾರದ ಪುಸ್ತಕ ಪ್ರಾಧಿಕಾರವೂ ರಾಜ್ಯೋತ್ಸವದ ರಿಯಾಯಿತಿಯನ್ನು ಸಾರುತ್ತವೆ, ಮತ್ತು ರಿಯಾಯಿತಿಯ ಮುಂದೆ ಕನ್ನಡಾಭಿಮಾನಕ್ಕೂ ಮಿತವ್ಯಯಕ್ಕೂ ಇರುವ ಹಳೆಯ ಜಗಳ ಕೊನೆಗೊಂಡು, ಎರಡೂ ಸೇರಿ ಒಂದೇ ಚೀಲ ತುಂಬತೊಡಗುತ್ತವೆ. ಸಾಹಿತ್ಯ ಸಮ್ಮೇಳನಕ್ಕೆ ಹೋದವರು ಊಟದ ಸಾಲಿನಿಂದ ತಪ್ಪಿಸಿಕೊಂಡರೂ ಮಳಿಗೆಗಳ ಸಾಲಿನಿಂದ ತಪ್ಪಿಸಿಕೊಳ್ಳುವುದು ಕಷ್ಟ. ಇನ್ನು ಪುಸ್ತಕ ಬಿಡುಗಡೆಯ ಸಮಾರಂಭದಲ್ಲಿ ಲೇಖಕರು ಸಹೋದ್ಯೋಗಿಯೋ ಬೀಗರೋ ಆಗಿದ್ದರೆ, ಉಪ್ಪಿಟ್ಟು ಕಾಫಿಯ ಋಣವನ್ನು ಬಾಗಿಲ ಬಳಿಯ ಮೇಜಿನಲ್ಲಿಯೇ ತೀರಿಸಿ ಹೊರಬೀಳಬೇಕಾಗುತ್ತದೆ. ಸರ್ಕಾರವೂ ಈ ದಿಕ್ಕಿನಲ್ಲಿ ಕೈ ಜೋಡಿಸಿದೆ: 2021ರಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಸರ್ಕಾರಿ ಸಮಾರಂಭಗಳಲ್ಲಿ ಹಾರ ತುರಾಯಿಗಳನ್ನು ಬಿಟ್ಟು ಕನ್ನಡ ಪುಸ್ತಕ ಕೊಡುವಂತೆ ಸೂಚಿಸಿದರು, 2023ರಲ್ಲಿ ಸಿದ್ದರಾಮಯ್ಯನವರೂ ಹೂವು ಶಾಲುಗಳ ಬದಲು ಪುಸ್ತಕ ಸಾಕೆಂದರು. ಉದ್ದೇಶ ಒಳ್ಳೆಯದೇ. ಆದರೆ ಹಾರಕ್ಕೆ ಸಂಜೆಯೊಳಗೆ ಬಾಡುವ ಸೌಜನ್ಯವಿತ್ತು, ಪುಸ್ತಕಕ್ಕೆ ಅದಿಲ್ಲ ಎಂಬುದನ್ನು ಆಡಳಿತ ಗಮನಿಸಿದಂತಿಲ್ಲ.

ಪುಸ್ತಕವನ್ನು ಸಗಟಾಗಿ ಹಂಚುವ ಪದ್ಧತಿ ಈ ನಾಡಿಗೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳು; ಜೈನರಲ್ಲಿ ಆಹಾರ, ಅಭಯ, ಔಷಧಗಳ ಜೊತೆಗೆ ಎಣಿಸುವ ಶಾಸ್ತ್ರದಾನ, ಅಂದರೆ ಜ್ಞಾನಕ್ಕಾಗಿ ಗ್ರಂಥವನ್ನು ಕೊಡುವ ಪುಣ್ಯಕಾರ್ಯ, ಅದಕ್ಕಿಂತ ದೊಡ್ಡ ಪ್ರಮಾಣದಲ್ಲಿ ನಡೆದದ್ದು ವಿರಳ. ಒಂದೊಂದು ಪ್ರತಿಯನ್ನೂ ಲಿಪಿಕಾರರು ಓಲೆಯ ಮೇಲೆ ಕಂಟದಿಂದ ಕೊರೆಯಬೇಕಾಗಿದ್ದ ಕಾಲವದು ಎಂಬುದನ್ನು ನೆನೆದರೆ ಆ ತಾಯಿಯ ಹಿರಿಮೆಗೆ ತಲೆ ಬಾಗುತ್ತದೆ. ಸಾವಿರ ಪ್ರತಿ ಹಂಚಿದ ಸಂಗತಿಯನ್ನು ಸಾಹಿತ್ಯಚರಿತ್ರೆ ಮರೆಯದೆ ಹೇಳುತ್ತದೆ, ಆದರೆ ಅವುಗಳಲ್ಲಿ ಎಷ್ಟನ್ನು ಕೊನೆಯ ಗರಿಯವರೆಗೆ ಓದಲಾಯಿತೆಂಬ ವಿಷಯದಲ್ಲಿ ಮೌನವಾಗಿದೆ, ಮತ್ತು ಆ ಮೌನವನ್ನು ಇಂದಿನವರು ಕೆದಕದಿರುವುದೇ ಕ್ಷೇಮ.

ಕೊಳ್ಳುವವರ ಲೆಕ್ಕಾಚಾರವೂ ಪರಿಶೀಲನೆಗೆ ಯೋಗ್ಯವಾದುದು. ಮಲಗುವ ಮುನ್ನ ದಿನಕ್ಕೆ 20 ಪುಟ ಓದುವ ಶಿಸ್ತಿನ ಓದುಗನೊಬ್ಬನನ್ನು ಕಲ್ಪಿಸಿಕೊಂಡರೆ, 200 ಪುಟದ ಪುಸ್ತಕ ಅವನಿಗೆ ಹತ್ತು ದಿನ ಹಿಡಿಯುತ್ತದೆ. ಹಬ್ಬ, ಜ್ವರ, ಕ್ರಿಕೆಟ್ಟುಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ವರ್ಷಕ್ಕೆ 36 ಪುಸ್ತಕ ದಾಟುವುದಿಲ್ಲ. ಅದೇ ಮನುಷ್ಯ ವರ್ಷಕ್ಕೆ 50 ಪುಸ್ತಕ ಕೊಂಡರೆ ರಾಶಿ ವರ್ಷಕ್ಕೆ 14ರಂತೆ ಏರುತ್ತದೆ. ಇದು ಮೂರನೆಯ ತರಗತಿಯ ಗಣಿತ, ಕೊಳ್ಳುವವರಲ್ಲಿ ಯಾರಿಗೂ ತಿಳಿಯದ್ದೇನಲ್ಲ. ಆದರೆ ಅಂಗಡಿಯಲ್ಲಿ ನಿಂತವನು ಕೊಳ್ಳುವುದು ಬರಿಯ ಪುಸ್ತಕವನ್ನಲ್ಲ, ಅದನ್ನು ಓದಲು ಬೇಕಾದ ಬಿಡುವನ್ನೂ ಅದೇ ಬಿಲ್ಲಿನಲ್ಲಿ ಕೊಂಡೆನೆಂಬ ನಂಬಿಕೆಯನ್ನು. ಪುಸ್ತಕ ದಪ್ಪವಾದಷ್ಟೂ ನಿವೃತ್ತಿಯ ನಂತರದ ಬದುಕು ವಿಶಾಲವಾಗಿ ಕಾಣುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು 'ಬಿಡುವಾದಾಗ' ಓದಲೆಂದು ಕೊಂಡವರು ಇದ್ದಾರೆಂದರೆ ಬಿಡುವಿನ ಬಗೆಗಿನ ಈ ಶ್ರದ್ಧೆ ಎಷ್ಟು ಆಳವಾದುದೆಂಬುದು ತಿಳಿಯುತ್ತದೆ.

ರಾಶಿಯ ಆಡಳಿತಕ್ಕೆ ಶಾಸ್ತ್ರೀಯ ಆಧಾರ ಹುಡುಕುವವರು ಸಹಜವಾಗಿಯೇ ಎಸ್. ಆರ್. ರಂಗನಾಥನ್ ಅವರ ಬಳಿಗೆ ಹೋಗುತ್ತಾರೆ. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ, ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡ ಈ ಗಣಿತದ ಮೇಷ್ಟ್ರು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಕೊಟ್ಟರು. ಪುಸ್ತಕ ಇರುವುದು ಬಳಕೆಗೆ ಎಂಬ ಮೊದಲ ಸೂತ್ರವನ್ನು ಮನೆಗಳಲ್ಲಿ ಉದಾರವಾಗಿ ಅರ್ಥೈಸಲಾಗಿದೆ: ಅಲುಗುವ ಮೇಜಿನ ಕಾಲಿಗೆ, ಕಂಪ್ಯೂಟರಿನ ಪರದೆಯನ್ನು ಎತ್ತರಿಸಲು, ಹಿಟ್ಟಿನ ಪಾತ್ರೆಯ ಮೇಲೆ ಭಾರಕ್ಕೆ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಎಂಬ ಮುಂದಿನ ಎರಡರಲ್ಲಿ ಮೊದಲಿನದು ಅತಿಯಾಗಿಯೇ ಈಡೇರಿದೆ, ಎರಡನೆಯದು ಇನ್ನೂ ಕಾಯುತ್ತಿದೆ. ಓದುಗನ ಸಮಯ ಉಳಿಸಬೇಕೆಂಬ ನಾಲ್ಕನೆಯದನ್ನು, ಓದದೆ ಇರುವ ಮೂಲಕ, ಎಲ್ಲರೂ ನಿಷ್ಠೆಯಿಂದ ಪಾಲಿಸುತ್ತಾರೆ. ಆದರೆ ಗೃಹಶಾಂತಿಗೆ ಭಂಗ ತಂದದ್ದು ಐದನೆಯದು. ಗ್ರಂಥಾಲಯವೆಂಬುದು ಬೆಳೆಯುತ್ತಲೇ ಇರುವ ಜೀವಿ ಎಂದು ಅದು ಹೇಳುತ್ತದೆ. ಬೆಳೆಯುವ ಜೀವಿಗೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಜಾಗವೆಲ್ಲಿ ಎಂಬ, ಅಡುಗೆಮನೆಯ ಕಡೆಯಿಂದ ಬರುವ ಪ್ರಶ್ನೆಗೆ ಸೂತ್ರಕಾರರಲ್ಲಿ ಉತ್ತರವಿಲ್ಲ.

ಉತ್ತರವಿಲ್ಲದ ಕಡೆ ರೂಢಿಯೇ ನಿಯಮವಾಗುತ್ತದೆ. ಹೊಸ ಪುಸ್ತಕ ಮೊದಲು ದಿಂಬಿನ ಪಕ್ಕದಲ್ಲಿರುತ್ತದೆ. ಅಲ್ಲಿಂದ ಕಿಟಕಿಯ ಕಟ್ಟೆಗೆ, ನೆಂಟರು ಬರುವ ಸುದ್ದಿ ಬಂದೊಡನೆ ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆಗೆ, ಸುಣ್ಣಬಣ್ಣದ ವರ್ಷ ಅಟ್ಟಕ್ಕೆ ಏರುತ್ತದೆ, ಮತ್ತು ಅಟ್ಟ ಸೇರಿದ ಪುಸ್ತಕದ ಇನ್ನೊಂದು ಪ್ರತಿಯನ್ನು ಒಡೆಯ ಮುಂದಿನ ನವೆಂಬರಿನಲ್ಲಿ ಮತ್ತೆ ಕೊಳ್ಳುತ್ತಾನೆ. ಈ ನಡುವೆ ಕೆಲವು ಪುಸ್ತಕಗಳಿಗೆ ನವರಾತ್ರಿಯಲ್ಲಿ ಬಡ್ತಿ ದೊರೆಯುವುದುಂಟು. ಮೂಲಾ ನಕ್ಷತ್ರದಂದು ಪುಸ್ತಕಗಳನ್ನಿಟ್ಟು ಶಾರದೆಯನ್ನು ಆವಾಹಿಸಿ, ಶ್ರವಣ ನಕ್ಷತ್ರದಂದು ವಿಸರ್ಜಿಸುವವರೆಗೆ ಅವನ್ನು ಓದಬಾರದೆಂಬ ಕಟ್ಟಳೆ ಹಲವು ಮನೆತನಗಳಲ್ಲಿದೆ. ರಾಶಿಯ ಒಡೆಯ ಇಡೀ ವರ್ಷದಲ್ಲಿ ಪೂರ್ತಿ ಧರ್ಮಬದ್ಧನಾಗಿರುವುದು ಈ ಕೆಲವು ದಿನ ಮಾತ್ರ. ಪೂಜೆಗೆ ಆರಿಸುವುದೂ ಹೊದಿಕೆ ಮಾಸದ, ಬೆನ್ನು ಮುರಿಯದ ಪುಸ್ತಕಗಳನ್ನೇ ಆದ್ದರಿಂದ ದೇವಿಯ ಮುಂದೆ ಕೂರುವುದು ಬಹುಪಾಲು ಓದದವುಗಳೇ. ಮಿಕ್ಕವನ್ನು ಮಲೆನಾಡಿನಲ್ಲಿ ಬೂಷ್ಟು, ಬಯಲುಸೀಮೆಯಲ್ಲಿ ಗೆದ್ದಲು ನೋಡಿಕೊಳ್ಳುತ್ತವೆ. ಗೆದ್ದಲು ಮುನ್ನುಡಿಯಲ್ಲಿ ನಿಲ್ಲುವುದಿಲ್ಲವೆಂಬುದನ್ನು ಅದರ ವಿರೋಧಿಗಳೂ ಒಪ್ಪುತ್ತಾರೆ.

ಇಷ್ಟೆಲ್ಲ ಆದರೂ ರಾಶಿ ಕರಗದಿರುವುದರ ನಿಜವಾದ ಕಾರಣ ಓದಿನ ಕೊರತೆಯಲ್ಲ, ಹೊರದಾರಿಯ ಕೊರತೆ. ಇದು ತೂಬೂ ಇಲ್ಲದ, ಕೋಡಿಯೂ ಇಲ್ಲದ ಕೆರೆ. ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕಾದ ವಸ್ತುವನ್ನು ಹಳೆಯ ಪೇಪರಿನವನ ತಕ್ಕಡಿಗೆ ಹಾಕಲು ಕನ್ನಡದ ಕೈ ನಡುಗುತ್ತದೆ. ಲೇಖಕರೇ 'ಪ್ರೀತಿಪೂರ್ವಕ' ಎಂದು ರುಜು ಹಾಕಿ ಕೊಟ್ಟ ಪ್ರತಿಯಂತೂ ಸ್ಥಿರಾಸ್ತಿಯೇ ಸರಿ, ಏಕೆಂದರೆ ಅದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ನಡುವೆ ಪ್ರತ್ಯಕ್ಷವಾಗಿ, ಅದನ್ನು ಆ ಲೇಖಕರೇ ಕೊಂಡುಕೊಳ್ಳುವ ಸಂಭವವನ್ನು ತಳ್ಳಿಹಾಕುವಂತಿಲ್ಲ. ಸಾಲ ಕೊಟ್ಟು ಹಗುರಾಗೋಣವೆಂದರೆ ಅಲ್ಲಿಯೂ ಒಂದು ವಿಚಿತ್ರವಿದೆ: ಕೇಳುವವರು 'ಯಾವುದಾದರೂ ಚೆನ್ನಾಗಿರುವುದನ್ನು ಕೊಡಿ' ಎನ್ನುತ್ತಾರೆ, ಒಡೆಯ ತಾನು ಓದಿ ಮೆಚ್ಚಿದ್ದನ್ನೇ ಕೊಡುತ್ತಾನೆ, ಅದು ಹಿಂದಿರುಗುವುದಿಲ್ಲ. ಹೀಗೆ ಓದಿದವು ಒಂದೊಂದಾಗಿ ಮನೆಬಿಟ್ಟು ಓದದವು ಮಾತ್ರ ಉಳಿಯುವುದರಿಂದ, ಕಾಲ ಕಳೆದಂತೆ ರಾಶಿ ಬೆಳೆಯುವುದಷ್ಟೇ ಅಲ್ಲ, ಶುದ್ಧವೂ ಆಗುತ್ತದೆ. ಮೊಬೈಲಿನಲ್ಲಿ ಪಿಡಿಎಫ್ ಕೂಡಿಡುವವರ ರಾಶಿಗೆ ದೂಳಿಲ್ಲ, ತೂಕವಿಲ್ಲ. ಹಾಗಾಗಿ ನಾಚಿಕೆಯೂ ಇಲ್ಲ.

ರಾಶಿಯ ಪರವಾಗಿ ಗಂಭೀರವಾದ ವಾದವೊಂದಿದೆ ಎಂಬುದನ್ನು ಮರೆಮಾಚುವುದು ನ್ಯಾಯವಲ್ಲ. ಮೈಸೂರಿನಲ್ಲಿ 1891ರಲ್ಲಿ ಆರಂಭವಾದ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಕೊಟ್ಟ ತಾಳೆಗರಿಯ ಕಟ್ಟೊಂದನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬಿಚ್ಚಿ ನೋಡಿದಾಗ, ಕಳೆದೇಹೋಯಿತೆಂದು ವಿದ್ವಾಂಸರು ತಿಳಿದಿದ್ದ ಕೌಟಿಲ್ಯನ 'ಅರ್ಥಶಾಸ್ತ್ರ' ಅದರಲ್ಲಿತ್ತು. 1909ರಲ್ಲಿ ಅದು ಅಚ್ಚಾಯಿತು. ಮೂಡುಬಿದಿರೆಯ ಸಿದ್ಧಾಂತ ಬಸದಿಯ 'ಧವಲಾ' ಮೊದಲಾದ ತಾಳೆಗರಿ ಗ್ರಂಥಗಳು ಶತಮಾನಗಳ ಕಾಲ ಓದಿಗಲ್ಲದೆ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಅವುಗಳ ಪ್ರಕಟಣೆ ಶುರುವಾದದ್ದು 1939ರಲ್ಲಿ. ಆದ್ದರಿಂದ ಓದದೆ ಕಾಪಾಡುವುದೂ ಒಂದು ಸೇವೆಯೆಂದು ರಾಶಿಯ ಒಡೆಯರು ವಾದಿಸಿದರೆ ತಪ್ಪೆನ್ನಲಾಗದು. ಆದರೆ ಆ ಕಟ್ಟುಗಳು ಜಗತ್ತಿನಲ್ಲಿ ಅಪರೂಪದವಾಗಿದ್ದವು. ಮಂಚದ ಕೆಳಗಿರುವುದು ಆರು ವರ್ಷಗಳ ದೀಪಾವಳಿ ವಿಶೇಷಾಂಕ, ಯಾರೂ ಮಾಡದ ಯೋಗದ ಕೈಪಿಡಿ ಮತ್ತು ಹೇಗೋ ಎರಡೆರಡು ಪ್ರತಿಯಾಗಿ ಬಂದ 'ಪರ್ವ'. ಇವುಗಳ ಅಡಿಯಲ್ಲಿ ಕೌಟಿಲ್ಯ ಸಿಕ್ಕುವ ಸಾಧ್ಯತೆ ಕಡಿಮೆ.

ವಾಸಿಯಾಗುವ ಉಪಾಯವಿರುವುದು ಗಡುವಿನಲ್ಲಿ. ಸ್ವಂತ ಪುಸ್ತಕಕ್ಕೆ ಹಿಂದಿರುಗಿಸುವ ದಿನವಿಲ್ಲ, ಆದ್ದರಿಂದ ಶುರುಮಾಡುವ ದಿನವೂ ಬರುವುದಿಲ್ಲ. ಎರವಲು ತಂದ ಪುಸ್ತಕ ಮಾತ್ರ ದಂಡದ ಹೆದರಿಕೆಗಾದರೂ ಕೊನೆಯ ಪುಟ ಕಾಣುತ್ತದೆ. ಹೀಗಿರುವಾಗ ಎರಡನೆಯ ಪ್ರತಿಗಳನ್ನೂ ಅಟ್ಟದ ಪೆಟ್ಟಿಗೆಗಳನ್ನೂ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಈಗಿನ ಹೆಸರಿನ ಅರಿವು ಕೇಂದ್ರಕ್ಕೆ, ಕೊಟ್ಟು ಬರುವುದು ಲೇಸು; ಲೇಖಕರ ರುಜುವಿರುವ ಪುಟವನ್ನು ಹರಿಯಬೇಕಾಗಿಲ್ಲ, ಅದು ಓದುವ ಮಕ್ಕಳಿಗೆ ಸಂತೋಷವನ್ನೇ ಕೊಡುತ್ತದೆ. ಪಟ್ಟಣದವರು ಇಷ್ಟು ಮಾಡಿ ಹತ್ತಿರದ ಸಾರ್ವಜನಿಕ ಗ್ರಂಥಾಲಯದ ಸದಸ್ಯರಾಗಿ ಗಡುವಿಗೆ ಒಳಪಡಬೇಕೆಂದು ವಿನಂತಿ. ಅದು ಹೊಸ ಖರ್ಚೇನೂ ಅಲ್ಲ: ಆಸ್ತಿ ತೆರಿಗೆ ಕಟ್ಟುವ ಪ್ರತಿಯೊಬ್ಬ ಮನೆಯೊಡೆಯರೂ ಅದರ ಜೊತೆಗೆ ಶೇ. 6ರಷ್ಟು ಗ್ರಂಥಾಲಯ ಕರವನ್ನು ಆಗಲೇ ಕಟ್ಟಿದ್ದಾರೆ.