ಬೆಟ್ಟ ಕಾಣುವ ಸೈಟು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಕ್ರಿಯಾಪದಕ್ಕೆ ಕಾಲ ಮೂರು ಎಂದು ಎಷ್ಟು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವಿಲ್ಲ. ನಿವೃತ್ತಿಯಾಗಿ ಮನೆ-ಸೈಟು ಬ್ರೋಕರ್ ಆದಮೇಲೆ ತಿಳಿಯಿತು, ಈ ಕಸುಬಿನಲ್ಲಿ ನಡೆಯುವುದು ಒಂದೇ ಕಾಲ. ರಿಂಗ್ ರೋಡ್ ಬರುತ್ತೆ. ಕಾವೇರಿ ನೀರು ಬರುತ್ತೆ. ಯುಜಿಡಿ ಬರುತ್ತೆ. ಸಿಟಿ ಬಸ್ಸು, ಇಂಗ್ಲಿಷ್ ಸ್ಕೂಲು, ಮಾಲು ಎಲ್ಲ ಬರುತ್ತೆ. ಸದ್ಯಕ್ಕೆ ಇರುವುದು ಪಾರ್ಥೇನಿಯಂ, ಮತ್ತೆ ಒಂದು ಲೈಟು ಕಂಬ.

ದೂರದ ಅಳತೆಯೂ ಹಾಗೆಯೇ. ಹಿಂದಿನವರಿಗೆ ಕೂಗಳತೆ, ಹರದಾರಿ, ಗಾವುದ ಎಂದೆಲ್ಲ ಇತ್ತು. ನಮಗೆ ಎಲ್ಲವೂ ಐದೇ ನಿಮಿಷ. ಮೈಸೂರಿನ ಯಾವ ಮೂಲೆಯ ಸೈಟಾದರೂ ರಿಂಗ್ ರೋಡಿಗೆ ಐದೇ ನಿಮಿಷ. ‘ಯಾವ ಗಾಡಿಯಲ್ಲಿ?’ ಎಂದು ಕೇಳುವ ಪಾರ್ಟಿ ಯಾವತ್ತೂ ಕೊಳ್ಳುವುದಿಲ್ಲ. ಅಂಥವರಿಗೆ ಕಾಫಿ ಕೊಡಿಸಬಾರದು.

ಈ ಕಸುಬಿಗೆ ನಾನಾಗಿ ಬಿದ್ದವಳಲ್ಲ. ಪಕ್ಕದ ಮನೆಯ ಮಹಡಿ ಖಾಲಿಯಿತ್ತು, ಪರಿಚಯದವರಿಗೆ ಕೊಡಿಸಿದೆ. ಓನರು ಒಂದು ತಿಂಗಳ ಬಾಡಿಗೆಯನ್ನು ಕವರಿನಲ್ಲಿಟ್ಟು ನೀಡಿದರು. ಛೆ ಬೇಡಿ ಎಂದು ಬಾಯಿ ಹೇಳುವಷ್ಟರಲ್ಲಿ ಕೈ ಅದನ್ನು ವ್ಯಾನಿಟಿ ಬ್ಯಾಗಿಗೆ ಸೇರಿಸಿ ಜಿಪ್ ಎಳೆದಾಗಿತ್ತು. ಅಲ್ಲಿಂದ ಮುಂದೆ ಬಡಾವಣೆಯಲ್ಲಿ ನಾನು ‘ಬ್ರೋಕರ್ ಟೀಚರ್’. 2016ರ ರೇರಾ ಕಾಯ್ದೆ ಬಂದಮೇಲೆ ಹೊಸ ಪ್ರಾಜೆಕ್ಟುಗಳನ್ನು ಮಾರುವ ಏಜೆಂಟರೂ ನೋಂದಣಿ ಮಾಡಿಸಿಕೊಳ್ಳಬೇಕು. ನಾನು ಅತ್ತ ಸುಳಿಯುವುದಿಲ್ಲ. ನನ್ನದು ಬಾಡಿಗೆ ಮನೆ, ಹಳೇ ಮನೆ, ಅಪರೂಪಕ್ಕೊಂದು ರೀಸೇಲ್ ಸೈಟು.

ಜನ ನಮ್ಮ ಕೆಲಸವನ್ನು ಕೆಲಸ ಎಂದುಕೊಳ್ಳುವುದೇ ಇಲ್ಲ. ‘ನೀವೇನು ಮಾಡಿದ್ರಿ ಮೇಡಂ, ಬಾಗಿಲು ತೆಗೆದು ತೋರಿಸಿದ್ರಿ, ಅಷ್ಟೇ ತಾನೆ?’ ಎನ್ನುತ್ತಾರೆ. ಹೌದು ಸ್ವಾಮಿ, ಬಾಗಿಲು ತೆಗೆದೆ. ಅದರ ಕೀಲಿ ಮೂವರು ಅಣ್ಣತಮ್ಮಂದಿರ ಹತ್ತಿರ ಒಂದೊಂದು ವಾರ ಇರುತ್ತಿತ್ತು, ಮೂವರೂ ಮಾತುಬಿಟ್ಟಿದ್ದರು. ಇನ್ನು ಕೆಲವರು ಭಾನುವಾರ ಮಧ್ಯಾಹ್ನದ ಊಟ ಅರಗಲಿ ಎಂದು ಮನೆ ನೋಡಲು ಬರುತ್ತಾರೆ. ನಾಲ್ಕು ಮನೆ ಸುತ್ತಿಸಿ, ಐದನೆಯದಕ್ಕೆ ನಮ್ಮ ಬೆನ್ನ ಹಿಂದೆ ಓನರಿಗೇ ಫೋನು ಮಾಡುತ್ತಾರೆ. ಅವರ ಗೃಹಪ್ರವೇಶಕ್ಕೆ ನನಗೆ ಕರೆಯೂ ಬರುತ್ತದೆ, ಅದು ಬೇರೆ.

ಇರಲಿ, ಸೈಟಿಗೆ ಬರುತ್ತೇನೆ.

ಬೋಗಾದಿ ಆಚೆಗಿನ ಆ ಸೈಟು ರಸ್ತೆಯ ಕಡೆ 34 ಅಡಿ, ಹಿಂದೆ 22 ಅಡಿ, ಉದ್ದ 50. ಒಟ್ಟು 1,400 ಚದರಡಿ. ಎದುರು ಕಿರಿದಾಗಿ ಹಿಂದೆ ಅಗಲವಾಗಿದ್ದರೆ ಗೋಮುಖ, ವಾಸಕ್ಕೆ ಶ್ರೇಷ್ಠ. ಇದು ತಿರುವುಮುರುವು, ವ್ಯಾಘ್ರಮುಖ. ಅಂಗಡಿಗಾದರೆ ಸರಿ, ಮನೆಗೆ ಬೇಡವೇ ಬೇಡ ಎನ್ನುತ್ತದೆ ವಾಸ್ತು. ಕಾಗದಪತ್ರ ಮಾತ್ರ ಗಂಗಾಜಲ: ಮೂಲಪತ್ರ, ಇಸಿ, ಖಾತೆ, ಕಂದಾಯದ ರಸೀತಿ ಒಂದರ ಬೆನ್ನಿಗೊಂದು ಸರಿಯಾಗಿ ಕೂತಿದ್ದವು. ಆದರೆ ನಮ್ಮ ಜನ ಹೇಗೆಂದರೆ, ಹೊಲವನ್ನು ಭೂಪರಿವರ್ತನೆಯನ್ನೂ ಮಾಡಿಸದೆ ಸುಣ್ಣದ ಗೆರೆ ಎಳೆದು ಮಾರುವ ರೆವಿನ್ಯೂ ಸೈಟನ್ನು ಕಣ್ಣುಮುಚ್ಚಿ ಕೊಳ್ಳುತ್ತಾರೆ, ಯಾಕೆಂದರೆ ಅದು ಪೂರ್ವಕ್ಕಿದೆ, ಮೂಲೆ ನಾಲ್ಕೂ ನೇರ. ಈ ಪಾಪದ ಹುಲಿಯನ್ನು ಒಂದು ವರ್ಷದಲ್ಲಿ ಹದಿನೇಳು ಪಾರ್ಟಿಗೆ ತೋರಿಸಿದ್ದೆ. ಹದಿನೇಳು ಪಾರ್ಟಿಯೂ ‘ಹೇಳ್ತೀವಿ ಮೇಡಂ’ ಎಂದರು. ಇದಕ್ಕೆ ನಮ್ಮ ನಿಘಂಟಿನಲ್ಲಿ ಅರ್ಥ: ಇನ್ನು ಫೋನು ಎತ್ತುವುದಿಲ್ಲ.

ಹದಿನೆಂಟನೆಯವರು ಬಂದದ್ದು ಕಳೆದ ಶ್ರಾವಣದ ಮೊದಲ ಭಾನುವಾರ, ಎರಡು ಕಾರಿನಲ್ಲಿ ಒಂಬತ್ತು ಜನ. ಕೊಳ್ಳುವವನು ಮಗ, ದುಡ್ಡು ಸೊಸೆಯದು, ತೀರ್ಮಾನ ಅಜ್ಜಿಯದು. ಚಾಮರಾಜನಗರದ ಕಡೆಯ ಅಜ್ಜಿ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ವರ್ಷವೂ ತಪ್ಪದೆ ಹತ್ತುತ್ತಿದ್ದವರಿಗೆ ಈಗ ಮಂಡಿ ಕೈಕೊಟ್ಟಿತ್ತು. ಅವರದು ಒಂದೇ ಷರತ್ತು: ಬೆಳಿಗ್ಗೆ ಎದ್ದು ನಿಂತಲ್ಲಿಂದಲೇ ಬೆಟ್ಟ ಕಾಣಬೇಕು, ಕೈ ಮುಗಿಯಬೇಕು. ‘ಕಾಣುತ್ತೆ ಅಜ್ಜಿ’ ಎಂದು ಫೋನಿನಲ್ಲೇ ಮಾತು ಕೊಟ್ಟಿದ್ದೆ. ಹೋಗಿ ನೋಡಿದರೆ ಎದುರಿನವರು ಎರಡನೇ ಮಹಡಿಯ ಮೋಲ್ಡು ಹಾಕಿಸಿಬಿಟ್ಟಿದ್ದಾರೆ. ಬೆಟ್ಟ ಇರಬೇಕಾದ ಜಾಗದಲ್ಲಿ ಸೆಂಟ್ರಿಂಗ್ ಹಲಗೆ. ಜನ್ಮದಲ್ಲಿ ಒಮ್ಮೆ ವರ್ತಮಾನ ಕಾಲ ಬಳಸಿದ್ದೆ, ಅದು ಭೂತಕಾಲವಾಗಿ ಕೂತಿತ್ತು.

ಹೇಗೂ ಸೋತದ್ದಾಯಿತು ಎಂದು ಸುಮ್ಮನಾಗಬಹುದಿತ್ತು. ಆದರೆ ಸೈಟಿನ ಅಂಚಿನಲ್ಲಿ ಎದುರಿನವರೇ ಇಳಿಸಿಕೊಂಡಿದ್ದ ಸಾಲಿಡ್ ಬ್ಲಾಕುಗಳ ರಾಶಿ ಕಂಡಿತು. ಅದರ ತುದಿಗೆ ಹತ್ತಿ ನೋಡಿದೆ. ಆ ಮನೆಗೂ ಪಕ್ಕದ ನೀರಿನ ಟ್ಯಾಂಕಿಗೂ ನಡುವೆ ಒಂದು ಸಂದಿ, ಸಂದಿಯಲ್ಲಿ ಏನೋ ನೀಲಿ. ಇನ್ನೊಂದು ಮೊಳ ಎತ್ತರ ಬೇಕಿತ್ತು. ವಾಚ್‌ಮನ್ನಿನಿಂದ ಪ್ಲಾಸ್ಟಿಕ್ ಕುರ್ಚಿ ಕೇಳಿ ತಂದೆ. ರಾಶಿಯ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಅಜ್ಜಿ. ಬಲಗಡೆ ಮಗ ಹಿಡಿದುಕೊಂಡ, ಎಡಗಡೆ ಅಳಿಯ, ಹಿಂದೆ ಸೆರಗು ಸಿಕ್ಕಿಸಿ ನಾನು. ಸೊಸೆ ಕೆಳಗಿನಿಂದ ವಿಡಿಯೋ ಮಾಡುತ್ತಿದ್ದಳು.

ಅತ್ತ ಅವರು ಕರೆತಂದಿದ್ದ ವಾಸ್ತು ಪಂಡಿತರು ಕಂಪಾಸ್ ಹಿಡಿದು ಸುತ್ತುತ್ತಿದ್ದರು. ಪಕ್ಕದಲ್ಲೇ ಅರ್ಧ ಲೋಡು ಕಬ್ಬಿಣದ ಕಂಬಿ ಬಿದ್ದಿತ್ತಲ್ಲ, ಮುಳ್ಳು ಅವರು ಹೆಜ್ಜೆ ಇಟ್ಟಲ್ಲೆಲ್ಲ ಹೊಸ ಉತ್ತರ ತೋರಿಸುತ್ತಿತ್ತು. ಕೊನೆಗೆ ಸೂರ್ಯನನ್ನು ನೋಡಿಯೇ ದಿಕ್ಕು ಹಿಡಿದು, ಕತ್ತು ಅಲ್ಲಾಡಿಸಿ ಹೇಳಿದರು: ‘ಭಾರ ನೈಋತ್ಯದಲ್ಲಿರಬೇಕು. ಇಲ್ಲಿ ಬೆಟ್ಟ ಆಗ್ನೇಯಕ್ಕೆ ಬಿದ್ದಿದೆ. ದೋಷ.’

ಕುರ್ಚಿಯ ಮೇಲಿಂದ ಅಜ್ಜಿ ಗುಡುಗಿದರು: ‘ನಮ್ಮವ್ವ ಎಲ್ ಕುಂತವ್ಳೋ ಅದೇ ಸರಿಯಾದ್ ಮೂಲೆ ಕಣಪ್ಪ. ನಿನ್ ಪೆಟ್ಗೆ ಮುಚ್ಕೊ.’

ಅಲ್ಲಿಗೆ ನನಗೆ ಆವೇಶ ಬಂತು. ನಿಂತಲ್ಲೇ ಭಾಷಣ ಶುರುಮಾಡಿದೆ. ವ್ಯಾಘ್ರಮುಖ ಎಂದು ಯಾಕೆ ಹೆದರುತ್ತೀರಿ? ಹಸು ಬಂದವರಿಗೆಲ್ಲ ಹಾಲು ಕೊಟ್ಟು ಬರಿಗೈಯಾಗುತ್ತದೆ, ಹುಲಿ ಮನೆ ಕಾಯುತ್ತದೆ. ಎದುರು ಅಗಲ ಎಂದರೆ ಅತಿಥಿಗಳಿಗೆ ತೆರೆದ ಎದೆ, ಹಿಂದೆ ಕಿರಿದು ಎಂದರೆ ಕಳ್ಳರಿಗೆ ದಾರಿಯಿಲ್ಲ. ಅಷ್ಟಕ್ಕೂ ಎದುರಿಗಿರುವ ತಾಯಿಯ ವಾಹನವೇ ಹುಲಿಯಲ್ಲವೇ?

‘ಅದು ಸಿಂಹ ಕಣವ್ವ’ ಎಂದರು ಅಜ್ಜಿ. ‘ಹುಲಿ ನಮ್ ಮಾದಪ್ಪಂದು.’

ಮೇಷ್ಟರಿಕೆ ಮಾಡಿದವರನ್ನು ಹೀಗೆಲ್ಲ ಬಾಯಿ ಮುಚ್ಚಿಸಲಾಗುವುದಿಲ್ಲ. ‘ಅದನ್ನೇ ಹೇಳಿದ್ದು ಅಜ್ಜಿ! ಕಣ್ಣೆದುರು ಸಿಂಹದ ಮೇಲೆ ಚಾಮುಂಡವ್ವ, ಕಾಲ ಕೆಳಗೆ ಹುಲಿಯ ಮೇಲೆ ಮಾದಪ್ಪ. ಬೆಟ್ಟಕ್ಕೂ ಹೋಗಬೇಕಿಲ್ಲ, ಏಳುಮಲೆಗೂ ಹೋಗಬೇಕಿಲ್ಲ. ಇಂಥ ಸೈಟು ಕರ್ನಾಟಕದಲ್ಲಿ ಇನ್ನೊಂದಿದ್ದರೆ ತೋರಿಸಿ!’

ಹೇಳುತ್ತಾ ಹೇಳುತ್ತಾ ನನ್ನ ಮೈಯೇ ಝುಮ್ಮೆಂದಿತು. ಅದೇ ಹೊತ್ತಿಗೆ ಮೋಡ ಸರಿದು, ಸಂದಿಯಲ್ಲಿ ಬೆಟ್ಟದ ನೆತ್ತಿ ಒಂದು ಬೆರಳಿನಷ್ಟು ಕಂಡಿತು. ‘ಕಂಡ್ಳು!’ ಎಂದು ಅಜ್ಜಿ ಎರಡೂ ಕೈ ಎತ್ತಿ ಮುಗಿದರು. ಮಗ ಭಕ್ತ, ಅವನೂ ಕೈ ಮುಗಿದ. ಅಳಿಯನೂ ಮುಗಿದ. ಕುರ್ಚಿಯನ್ನು ಹಿಡಿದವರು ಯಾರೂ ಉಳಿಯಲಿಲ್ಲ. ಅದು ಮೆಲ್ಲಗೆ ಒಂದು ಕಡೆ ವಾಲಿ, ಅಜ್ಜಿ ಮುಗಿದ ಕೈ ಬಿಡದೆಯೇ ನನ್ನ ಹೆಗಲ ಮೇಲೆ ಇಳಿದರು. ನಲವತ್ತು ಕೆಜಿ ಇದ್ದಿರಬಹುದು. ನಾನು ಪಂಡಿತರ ಮೇಲೆ ಕುಸಿದೆ. ಅವರು ಮರಳಿನ ಗುಡ್ಡೆಯ ಮೇಲೆ ಕೂತರು. ಕಂಪಾಸ್ ಇವತ್ತಿಗೂ ಸಿಕ್ಕಿಲ್ಲ.

ಯಾರಿಗೂ ಪೆಟ್ಟಾಗಲಿಲ್ಲ. ಅಜ್ಜಿ ಎದ್ದು ಸೀರೆ ಕೊಡವಿಕೊಂಡು, ಈ ಜಲ್ಮಕ್ಕೆ ಸಾಕು ಎಂದರು. ಮಗ ಕಾರಿನ ಬಾಗಿಲು ತೆಗೆಯುತ್ತಾ ‘ಹೇಳ್ತೀವಿ ಮೇಡಂ’ ಎಂದ.

ಅವರು ಇನ್ನೆಲ್ಲೋ ಗೋಮುಖದ್ದನ್ನೇ ಕೊಂಡರಂತೆ. ನನಗೆ ಮಾತ್ರ ಆ ರಾತ್ರಿ ನಿದ್ದೆಯಿಲ್ಲ. ಹದಿನೆಂಟು ಜನಕ್ಕೆ ಹೇಳಿದ ಮಾತು ಕೊನೆಗೂ ಒಬ್ಬರಿಗೆ ನಾಟಿತ್ತು, ಆ ಒಬ್ಬರು ನಾನೇ.

ಅದೇ ವಾರ ಇನ್ನೊಂದು ನಡೆಯಿತು. ಅದನ್ನು ಬರೆಯಬೇಕೋ ಬೇಡವೋ ಎಂದು ಇಷ್ಟು ದೂರ ಬಂದೆ.

ಒಂದು ಮನೆ ಬಾಡಿಗೆಗಿತ್ತು. ಓನರಮ್ಮ ‘ನಮ್ಮೋರಾದ್ರೆ ನೋಡಿ ಟೀಚರ್’ ಎಂದಿದ್ದರು. ನೋಡಲು ಬಂದವನು ನನ್ನ ಹಳೆಯ ವಿದ್ಯಾರ್ಥಿ, ಪ್ರಬಂಧದಲ್ಲಿ ಶಾಲೆಗೇ ಮೊದಲು ಬರುತ್ತಿದ್ದ ಹುಡುಗ. ಜೊತೆಗೆ ಹೆಂಡತಿ, ಕಂಕುಳಲ್ಲಿ ಮಗು. ಈ ಪ್ರಶ್ನೆಯನ್ನು ನೇರವಾಗಿ ಕೇಳುವುದಿಲ್ಲ. ನುಣ್ಣಗೆ ಕೇಳುವ ವಿದ್ಯೆ ನಮ್ಮ ಕಸುಬಿನದು. ಮನೆದೇವರು ಯಾವುದು, ಊರಲ್ಲಿ ಯಾವ ಬೀದಿ, ಅಡುಗೆಯಲ್ಲಿ ನಾನ್‌ವೆಜ್ ಏನಾದರೂ... ನಾನೂ ನುಣ್ಣಗೆ ಕೇಳಿದೆ. ಅವನು ನಕ್ಕ. ‘ಸ್ಕಾಲರ್‌ಶಿಪ್ ಫಾರಂ ನೀವೇ ತುಂಬಿಸ್ತಿದ್ರಲ್ಲ ಟೀಚರ್, ಮರೆತುಹೋಯ್ತಾ?’ ಎಂದ. ಮಗು ನನ್ನ ಸರ ಹಿಡಿದು ಎಳೆಯುತ್ತಿತ್ತು. ಆ ಮನೆ ಮರುವಾರ ಬೇರೆಯವರಿಗೆ ಹೋಯಿತು. ಹನ್ನೊಂದು ತಿಂಗಳ ಕರಾರನ್ನು ನಾನೇ ಬರೆಸಿದೆ, ಕಮಿಷನ್ನೂ ತೆಗೆದುಕೊಂಡೆ.

ಅದಾಗಿ ನಾಲ್ಕು ದಿನಕ್ಕೆ ಹುಲಿಗೆ ಟೋಕನ್ ಅಡ್ವಾನ್ಸ್ ಕೊಟ್ಟುಬಂದೆ.

ನಮ್ಮನೆಯವರು ಖಜಾನೆ ಇಲಾಖೆಯಲ್ಲಿದ್ದವರು. ಚದರಡಿಗೆ 2,800ರಂತೆ 39 ಲಕ್ಷದ 20 ಸಾವಿರ ಎಂದು ಕೇಳಿದಾಗ ನ್ಯೂಸ್ ಪೇಪರನ್ನು ಮಡಚಿ ಪಕ್ಕಕ್ಕಿಟ್ಟರು. ಮದುವೆಯಾದ ಮೇಲೆ ಅದು ಎರಡನೆಯ ಸಲ. ನನ್ನ ಗ್ರಾಚ್ಯುಟಿ ನನ್ನ ಹುಲಿ ಎಂದೆ. ಹಾಗಿದ್ದರೆ ಆಗಸ್ಟಿನಲ್ಲೇ ರಿಜಿಸ್ಟ್ರೇಷನ್ ಮುಗಿಸು ಎಂದರು. ಗೌರಿ-ಗಣೇಶ ಕಳೆಯಲಿ ಎಂದು ನಾನು ತಡಮಾಡಿದೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ 1ರಿಂದ 2 ರೂಪಾಯಿಗೆ ಏರಿತು. ಹೀಗೆ ಹೆಚ್ಚಿಗೆ ಹೋದ 39,200 ರೂಪಾಯಿಯನ್ನು ಅವರು ಈಗಲೂ ಸಾರನ್ನಕ್ಕೂ ಮಜ್ಜಿಗೆಗೂ ನಡುವೆ ನೆನೆಯುತ್ತಾರೆ. ಕೊನೆಗೆ ಪತ್ರ ಆದದ್ದು ಪಿತೃಪಕ್ಷದಲ್ಲಿ. ವ್ಯಾಘ್ರಮುಖವನ್ನೇ ಕೊಂಡವಳಿಗೆ ಪಕ್ಷವೇನು ಮಾಸವೇನು? ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಕೂರಲು ಬೆಂಚು ಸಿಕ್ಕಿತು.

ಹೆಬ್ಬೆಟ್ಟು ಒತ್ತಿ ಹೊರಗೆ ಬಂದು, ಸೈಟು ಮಾರಿದವರನ್ನು ನನ್ನ ಎರಡು ಪರ್ಸೆಂಟ್ ಕೇಳಿದೆ. ಅವರು ಬೆರಗಾಗಿ, ‘ಕೊಂಡಿದ್ದೂ ನೀವೇ ಅಲ್ವಾ ಮೇಡಂ, ನೀವೇನು ಮಾಡಿದ್ರಿ?’ ಎಂದರು. ಎಪ್ಪತ್ತೆಂಟು ಸಾವಿರದ ನಾನೂರು ರೂಪಾಯಿ ಬ್ರೋಕರೇಜು ಮುಳುಗಿತು. ಮುಳುಗಿಸಿದ ಪಾರ್ಟಿಗೆ ಮನೆಯಲ್ಲಿ ನಾನೇ ಕಾಫಿ ಮಾಡಿಕೊಡುತ್ತಿದ್ದೇನೆ.

ಈಗ ಪ್ಲಾನು ಬರೆಸುತ್ತಿದ್ದೇವೆ. ಹಿಂದಿನ ಕಿರಿದಾದ ಕಡೆಗೆ ಸ್ಟೋರ್ ರೂಮು ಹಾಕಿದ್ದಾರೆ ಇಂಜಿನಿಯರು. ಮಹಡಿಯ ಮೇಲೊಂದು ಎರಡು ರೂಮಿನ ಮನೆ ಬಾಡಿಗೆಗಿರಲಿ ಎಂದೆ ನಾನು. ಆ ಹುಡುಗನಿಗೆ ಫೋನು ಮಾಡಿದ್ದೆ. ಅವನು ಹಾಸನಕ್ಕೆ ವರ್ಗ ಮಾಡಿಸಿಕೊಂಡು ಹೋಗಿಯಾಗಿದೆ. ‘ಪರವಾಗಿಲ್ಲ ಬಿಡಿ ಟೀಚರ್’ ಎಂದ. ನನಗೆ ಮುಂದೆ ಮಾತು ಹೊರಡಲಿಲ್ಲ, ಬ್ರೋಕರಿಗೆ ಹಾಗಾಗಬಾರದು.

ಆದ್ದರಿಂದ ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿರುವವರು ಯಾರಾದರೂ ಇದ್ದರೆ ತಿಳಿಸಿ. ಮನೆದೇವರು ಯಾವುದು ಎಂದು ಕೇಳುವುದಿಲ್ಲ. ರಿಂಗ್ ರೋಡಿಗೆ ಐದೇ ನಿಮಿಷ. ಮನೆ ಇನ್ನೂ ಕಟ್ಟಿಲ್ಲ, ಬರುತ್ತೆ. ಅಡುಗೆಮನೆಯ ಕಿಟಕಿಯಿಂದ ಬೆಟ್ಟ ಕಾಣುತ್ತೆ. ಹತ್ತಿ ನಿಂತು ನೋಡಲು ಸ್ಟೂಲು ನಾನೇ ಕೊಡುತ್ತೇನೆ, ಪ್ಲಾಸ್ಟಿಕ್ಕಿನದಲ್ಲ, ಮರದ್ದು.