ಪ್ರಭಾವಿ-ವೇದಿಕಾ-ನಿರ್ಣಯ: ಕಪಿಲಾತೀರದ ಒಂದು ಭಾಷ್ಯ

ಸರಕು ಸಿದ್ಧವಿದೆ, ಇನ್‌ಫ್ಲುಯೆನ್ಸರ್‌ಗಳನ್ನು ಒದಗಿಸುವ ವೇದಿಕೆಗಳೂ ಹತ್ತಾರಿವೆ. ಬ್ರ್ಯಾಂಡು ಯಾವುದರ ಕೈಹಿಡಿಯಬೇಕು? ಬೆಂಗಳೂರಿನ ಪಂಡಿತರು ಫಾಲೋವರ್ಸ್, ಎಂಗೇಜ್‌ಮೆಂಟ್ ರೇಟು, ಡ್ಯಾಶ್‌ಬೋರ್ಡು ಎಂಬ ಪ್ರಮಾಣತ್ರಯವನ್ನು ಹೇಳುತ್ತಾರೆ. ಇದು ಪೂರ್ವಪಕ್ಷ. ಕಪಿಲೆಯಲ್ಲಿ ಮಿಂದವರು ಇದನ್ನು ಒಪ್ಪುವುದಿಲ್ಲ.

ಪ್ರಥಮ ದೃಷ್ಟಾಂತ ನಂಜನಗೂಡಿನದು. ಟಿಪ್ಪು ಸುಲ್ತಾನನ ಆನೆಯ ಕಣ್ಣುಬೇನೆ ನಂಜುಂಡೇಶ್ವರನ ಕೃಪೆಯಿಂದ ವಾಸಿಯಾಯಿತೆಂದೂ, ಅವನು ದೇವರನ್ನು 'ಹಕೀಂ ನಂಜುಂಡ' ಎಂದು ಕರೆದು ಪಚ್ಚೆಲಿಂಗ ಅರ್ಪಿಸಿದನೆಂದೂ ಪ್ರತೀತಿ. ವಿದ್ವಾಂಸರು ಗಮನಿಸಬೇಕು: ಇಲ್ಲಿ ಹೊಗಳಿದವನೇ ಕೈಯಿಂದ ಕೊಟ್ಟಿದ್ದಾನೆ. ಇಂಥ ಕೊಲಾಬ್‌ಗೆ ಇಂದಿನ ಪ್ರಭಾವಿಗಳು ಫೋನೇ ಎತ್ತುವುದಿಲ್ಲ. ಅಸಲಿ ಬಳಕೆದಾರನಾದ ಆನೆಯ ಅಭಿಪ್ರಾಯ ಮಾತ್ರ ದಾಖಲಾಗಿಲ್ಲ, ಇದು ಶಾಸ್ತ್ರಕ್ಕೆ ದೊಡ್ಡ ನಷ್ಟ.

ಎರಡನೆಯದು ಅದೇ ಊರಿನ ಹಲ್ಲುಪುಡಿ. 1913ರಲ್ಲಿ ಬಿ.ವಿ. ಪಂಡಿತರು ಕಟ್ಟಿದ ಸದ್ವೈದ್ಯಶಾಲೆಯ ಪುಡಿಗೆ ರೀಲ್ಸ್ ಮಾಡಿದವರಾರು? ಅಜ್ಜಿ. ಬಚ್ಚಲ ಬಾಗಿಲಲ್ಲಿ ಪೊಟ್ಟಣ ಬಿಚ್ಚಿ, ಎಡ ಅಂಗೈಗೆ ಚಿಟಿಕೆ ಸುರಿದು, ತೋರುಬೆರಳಿಂದ ಮೊಮ್ಮಗನ ಹಲ್ಲು ತಿಕ್ಕಿ, "ಉಗೀಲಾ, ನುಂಗ್ಬುಟ್ಟೀಯೆ" ಎಂದರೆ ಪ್ರಚಾರ ಮುಗಿಯಿತು; ಅವನು ಜನ್ಮವಿಡೀ ಗಿರಾಕಿ. ಆಕೆಯ ಫಾಲೋವರ್ಸ್ ಆರೇಳು ಮಂದಿ, ಎಲ್ಲರೂ ಅಸಲಿ. ದುಡ್ಡು ಕೊಟ್ಟು ಕೊಂಡ ಲಕ್ಷ ಫಾಲೋವರ್ಸ್‌ಗೆ ಒಂದು ಹಲ್ಲಾದರೂ ಉಂಟೇ?

ನಂಜನಗೂಡಿನ ರಸಬಾಳೆಯದು ತದ್ವಿರುದ್ಧ ಪ್ರಕರಣ. ಕೀರ್ತಿಯುಂಟು, ಜಿಐ ಮಾನ್ಯತೆಯುಂಟು. ಆದರೆ ಪನಾಮ ಸೊರಗುರೋಗಕ್ಕೆ ತೋಟಗಳು ಸಿಕ್ಕಿ ಹಣ್ಣೇ ಅಪರೂಪ. ಗೊನೆಯಿಲ್ಲದವನಿಗೆ ಯಾವ ವೇದಿಕೆಯೂ ಬೇಡ.

ಇನ್ನು ಮಾಪನ. ತಿ. ನರಸೀಪುರದ ಗುಂಜಾನರಸಿಂಹ ಕೈಯಲ್ಲಿ ಗುಲಗಂಜಿ ಹಿಡಿದು ನಿಂತಿದ್ದಾನೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ನಂಬಿಕೆ. ಕಾಶಿಯನ್ನೇ ಎದುರಿಗಿಟ್ಟುಕೊಂಡೂ ಹೆಚ್ಚುಗಾರಿಕೆಯನ್ನು ಒಂದೇ ಕಾಳಿಗೆ ನಿಲ್ಲಿಸಿದ ಸಂಯಮ ನೋಡಿ. 'ಹತ್ತುಪಟ್ಟು ರೀಚ್' ಎನ್ನದೆ ನಮ್ಮ ಏಜೆನ್ಸಿಗಳಿಗೆ ತಿಂದ ಅನ್ನ ಅರಗದು.

ಇತಿ ಸಿದ್ಧಾಂತ: ವೇದಿಕೆಯವರು ಪ್ರಭಾವಿಗಳ ಪಟ್ಟಿ ಹಿಡಿದು ಬಂದಾಗ, ನೋಡುಗರಲ್ಲಿ ನಿಮ್ಮ ಮಾಲು ಸಿಗುವ ಊರಿನವರೆಷ್ಟು, ಹಿಂದಿನ ಪ್ರಚಾರದಿಂದ ಅಂಗಡಿಯಲ್ಲಿ ಎಷ್ಟು ಹೋಯಿತು ಎಂದು ಕೇಳಿ. ಕಾಸು ಪಡೆದದ್ದನ್ನು ಬಾಯಿಬಿಟ್ಟು ಹೇಳಿಸದ ವೇದಿಕೆಯನ್ನು ಅಲ್ಲೇ ಬಿಡಿ. 2023ರ ಜನವರಿಯಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಹಣವಷ್ಟೇ ಅಲ್ಲ, ಪುಕ್ಕಟೆ ಪೊಟ್ಟಣ ಪಡೆದಿದ್ದರೂ ಹೇಳಬೇಕು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಈ ದಂಡವನ್ನು ಮಾಲು ತಯಾರಿಸಿದವನ ಮೇಲೂ ಹಾಕಬಹುದು, ಹೊಗಳಿದವನ ಮೇಲೂ ಹಾಕಬಹುದು.